ಬೆಳಗ್ಗೆ ಮಾತ್ರ ಕೈಕೊಡುವ ಸಿಗ್ನಲ್

ಶ್ರೀವಿದ್ಯಾ ಮಿಸ್ ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು.

ಗೋಡೆಯ ಮೇಲಿನ ದೊಡ್ಡ ಟೀವಿಯಲ್ಲಿ ಅವರ ಒಂದು ಕಣ್ಣು ಅರ್ಧ ಮುಚ್ಚಿತ್ತು. ಮೇಲೆತ್ತಿದ ಮಾರ್ಕರ್ ಮೇಲೇ ಉಳಿದಿತ್ತು. "ಛೇದ ಒಂದೇ ಇದ್ರೆ ಮಾತ್ರ ಭಿನ್ನರಾಶಿಗಳನ್ನ..." ಅನ್ನುವಲ್ಲಿಗೆ ಮಾತು ತುಂಡಾಗಿತ್ತು. ಏನು ಮಾಡಬೇಕೋ, ಮಿಸ್ ಹೇಳಲೇ ಇಲ್ಲ.

ಚಾಪೆಯ ಮೇಲೆ ಕೂತಿದ್ದ ಹದಿನಾರು ಮಕ್ಕಳೂ ಗೊಳ್ಳೆಂದರು.

"ಮಿಸ್ ಮತ್ತೆ ಸ್ಟ್ಯಾಚು ಆದ್ರು ಕಣೇ," ಎಂದು ಸೌಜನ್ಯ ಪಕ್ಕದಲ್ಲಿದ್ದ ತನುಜಳ ಪಕ್ಕೆಗೆ ತಿವಿದಳು.

ತನುಜ ನಗಲಿಲ್ಲ. ಅವಳು ಬಾಗಿಲ ಪಕ್ಕದ ಗೂಡಿನಲ್ಲಿದ್ದ ಬಿಳಿ ಡಬ್ಬಿಯನ್ನು ನೋಡುತ್ತಿದ್ದಳು. ಇಂಟರ್ನೆಟ್ ಚೆನ್ನಾಗಿದ್ದರೆ ಅದರ ಮೇಲೆ ನಾಲ್ಕು ಹಸಿರು ದೀಪ ಉರಿಯುತ್ತವೆ. ಈಗ ಉರಿಯುತ್ತಿದ್ದದ್ದು ಒಂದೇ.

ಇವರ ಊರು ಕಳವಾರ ಇರುವುದು ಸ್ಕಂದಗಿರಿ ಬೆಟ್ಟದ ಬುಡದಲ್ಲಿ. ಬೆಟ್ಟದ ಮರೆಯಲ್ಲಿರುವುದರಿಂದ ಮೊಬೈಲಿಗೆ ಸಿಗ್ನಲ್ ಸಿಗುವುದೇ ಕಷ್ಟ. ಫೋನಿನಲ್ಲಿ ಮಾತಾಡಬಹುದು, ವಿಡಿಯೋ ಮಾತ್ರ ಓಡುವುದಿಲ್ಲ. ಅದಕ್ಕೇ ಒಂದು ಟ್ರಸ್ಟ್‌ನವರು ಅಂಬೇಡ್ಕರ್ ಭವನದ ತಾರಸಿಯ ಮೇಲೆ ಒಂದು ಕಂಬ ನೆಟ್ಟು, ಅದಕ್ಕೆ ಡಿಶ್ ಕೂರಿಸಿಕೊಟ್ಟಿದ್ದರು. ಶಿಡ್ಲಘಟ್ಟದ ಕಡೆ ಒಂದು ಗುಡ್ಡದ ಮೇಲೆ ಟವರ್ ಇದೆ. ಅಲ್ಲಿಂದ ಇಲ್ಲಿಗೆ ಇಪ್ಪತ್ತು ಕಿಲೋಮೀಟರ್. ನಡುವೆ ತಂತಿ ಗಿಂತಿ ಏನೂ ಇಲ್ಲ. ಮಿಸ್ ಮುಖ, ಮಿಸ್ ದನಿ, ಭಿನ್ನರಾಶಿ ಎಲ್ಲ ಗಾಳಿಯಲ್ಲೇ ಬರಬೇಕು.

ಮಿಸ್ ಇರುವುದು ಗೌರಿಬಿದನೂರಿನಲ್ಲಿ. ತಮ್ಮ ಶಾಲೆಗೆ ಹೊರಡುವ ಮೊದಲು, ಬೆಳಗ್ಗೆ ಆರೂಮುಕ್ಕಾಲಿನಿಂದ ಏಳೂವರೆವರೆಗೆ ಕಳವಾರದ ಐದನೇ ಕ್ಲಾಸಿನ ಮಕ್ಕಳಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಪಾಠ ಹೇಳುತ್ತಿದ್ದರು. ಭವನದ ಬಾಗಿಲು ತೆಗೆದು ಟೀವಿ ಹಾಕುವುದು ತನುಜಳ ಅಮ್ಮ ರೂಪಳ ಕೆಲಸ.

ಅವತ್ತು ಕ್ಲಾಸು ಮತ್ತೆ ಬರಲೇ ಇಲ್ಲ. ಬಂದದ್ದು ರೂಪಳ ಫೋನಿಗೆ ಮಿಸ್ ಕಳಿಸಿದ ವಾಯ್ಸ್ ಮೆಸೇಜು.

"ರೂಪ ಅವರೇ, ಒಂದು ತಿಂಗಳಲ್ಲಿ ಒಂಬತ್ತು ಕ್ಲಾಸ್ ಹಾಳಾಯ್ತು. ಟ್ರಸ್ಟ್‌ನವರು ಜನವರಿ ಕೊನೆವರೆಗೂ ನೋಡ್ತಾರಂತೆ. ಆಮೇಲೂ ಹೀಗೇ ಆದ್ರೆ ಟೀವಿ, ಡಿಶ್ಶು, ಕ್ಲಾಸು ಎಲ್ಲಾನೂ ಕೆಂಚಾರ್ಲಹಳ್ಳಿಗೆ ಕೊಡ್ತಾರಂತೆ. ನಂಗೂ ಬೇಜಾರಾಗ್ತಿದೆ."

ಈ ಸಲ ಯಾರೂ ನಗಲಿಲ್ಲ. ತನುಜ ಉಗುರು ಕಚ್ಚತೊಡಗಿದಳು. ಯಾಕೆಂದರೆ ಡಿಶ್ ಕೆಡಿಸಿದವರು ಯಾರು ಅಂತ ಊರಿಗೆಲ್ಲ ಅವಳೊಬ್ಬಳಿಗೇ ಗೊತ್ತಿತ್ತು.

ಕೆಡಿಸಿದ್ದು ಅವಳೇ.

ಅದು ನಡೆದದ್ದು ಡಿಸೆಂಬರಿನಲ್ಲಿ. ತನುಜಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಒಂದು ಬೆಳೆ ಮುಗಿದು ಗೂಡು ಮಾರಿದ ಮೇಲೆ ಚಂದ್ರಿಕೆಗಳನ್ನು ತೊಳೆದು ಒಣಗಿಸಬೇಕು. ಚಂದ್ರಿಕೆ ಅಂದರೆ ಹುಳುಗಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿ. ನಿಲ್ಲಿಸಿದರೆ ತನುಜಳಿಗಿಂತ ಎತ್ತರ. ಅಂಗಳದಲ್ಲೇ ಒಣಗಿಸು ಎಂದು ಅಜ್ಜಿ ಮುನಿಶಾಮಮ್ಮ ಹೇಳಿದ್ದರು. ಆದರೆ ಅಂಗಳಕ್ಕೆ ಬಿಸಿಲು ಬರುವಷ್ಟರಲ್ಲಿ ಹತ್ತು ಗಂಟೆ. ಪಕ್ಕದ ಭವನದ ತಾರಸಿಯ ಮೇಲಾದರೆ ಬೆಳಗ್ಗೆಯೇ ಬಿಸಿಲು. ಬೇಗ ಒಣಗಿದರೆ ಬೇಗ ಆಟಕ್ಕೆ ಹೋಗಬಹುದಲ್ಲ.

ಹಾಗೆಂದು ತನುಜ ಎರಡು ಚಂದ್ರಿಕೆ ಹೊತ್ತು ಮೇಲೆ ಹೋಗಿ, ಡಿಶ್ ಕಂಬಕ್ಕೆ ಒರಗಿಸಿ ಬಂದಳು. ಅರ್ಧ ಗಂಟೆಗೆ ಗಾಳಿ ಬೀಸಿತು. ಒಂದು ಚಂದ್ರಿಕೆ ಎದ್ದು, ತಿರುಗಿ, ಡಿಶ್ಶಿಗೇ ಧಡ್ಡೆಂದು ಬಡಿಯಿತು. ಅವಳು ಮೆಟ್ಟಿಲ ಮೇಲಿಂದ ಅದನ್ನು ಕಣ್ಣಾರೆ ನೋಡಿದಳು. ಚಂದ್ರಿಕೆಗಳನ್ನು ಇಳಿಸಿಕೊಂಡು ಬಂದು ಬಾಯಿ ಹೊಲಿದುಕೊಂಡಳು. ಅದಾಗಿ ನಾಲ್ಕು ದಿನಕ್ಕೆ ಕ್ಲಾಸು ನಿಲ್ಲತೊಡಗಿತು.

ಡಿಶ್ ನೋಡಿಕೊಳ್ಳುವ ಭಾನುಪ್ರಕಾಶ್ ಶಿಡ್ಲಘಟ್ಟದಿಂದ ಬೈಕಿನಲ್ಲಿ ಮೂರು ಸಲ ಬಂದುಹೋಗಿದ್ದ. ಪ್ರತಿ ಸಲವೂ ಬಂದಾಗ ಹನ್ನೊಂದು ಗಂಟೆ. ಪ್ರತಿ ಸಲವೂ ಡಬ್ಬಿಯ ಮೇಲೆ ನಾಲ್ಕು ದೀಪ ಝಗಝಗ ಉರಿಯುತ್ತಿದ್ದವು.

"ಫುಲ್ ಸಿಗ್ನಲ್ ಇದೆಯಲ್ಲಕ್ಕ," ಎಂದಿದ್ದ ಅವನು ರೂಪಳಿಗೆ. "ಬೆಳಗ್ಗೆ ಯಾರಾದ್ರೂ ಸ್ವಿಚ್ ಆಫ್ ಮಾಡ್ತಾರಾ? ಮೇಲೆ ಹೋಗಿ ಯಾರಾದ್ರೂ ಮುಟ್ಟಿದ್ರಾ?"

"ಯಾರೂ ಮುಟ್ಟಿಲ್ಲಪ್ಪ," ಎಂದಿದ್ದಳು ರೂಪ. ಬಾಗಿಲ ಹಿಂದೆ ನಿಂತಿದ್ದ ತನುಜ ಉಗುರು ಕಚ್ಚಿಕೊಂಡಿದ್ದಳು.

ಆವತ್ತಿನಿಂದ ಅವಳಿಗೊಂದು ಅಭ್ಯಾಸ ಹತ್ತಿಕೊಂಡಿತು. ಬೆಳಗ್ಗೆ ಅಮ್ಮನ ಜೊತೆ ಭವನದ ಬಾಗಿಲು ತೆಗೆಯುವಾಗ ದೀಪ ಎಣಿಸುವುದು. ಎಣಿಸಿ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುವುದು. ಮೊಣಕಾಲಿನ ಗಾಯ ಒಣಗಿತೇ ಎಂದು ದಿನಾ ಇಣುಕಿ ನೋಡುತ್ತೀರಲ್ಲ, ಹಾಗೆ. ಒಂದು ವಾರ ಬಿಡದೆ ನಾಲ್ಕು ದೀಪ ಬಂದರೆ ಡಿಶ್ ತಾನೇ ವಾಸಿಯಾಗಿದೆ ಅಂದುಕೊಳ್ಳಬಹುದು ಎಂಬ ಆಸೆ ಅವಳದು.

ಆದರೆ ಆ ಡಿಶ್ಶಿನ ಗಾಯ ವಿಚಿತ್ರದ್ದು. ಸೋಮವಾರ ಒಂದು ದೀಪ. ಮಂಗಳವಾರ ಒಂದು. ಬುಧವಾರ ನಾಲ್ಕು. ಗುರುವಾರವೂ ನಾಲ್ಕು. ವಾಸಿಯಾಯಿತು ಎಂದು ಕುಣಿದಾಡುವಷ್ಟರಲ್ಲಿ ಶುಕ್ರವಾರ ಮತ್ತೆ ಒಂದು.

ಹಾಗಾದರೆ ಬುಧವಾರ ಏನಾಗಿತ್ತು? ತನುಜ ಯೋಚಿಸಿದಳು. ಬುಧವಾರ ಜೋರು ಗಾಳಿ. ತಂತಿಯ ಮೇಲಿದ್ದ ಅಪ್ಪನ ಪಂಚೆ ಹಾರಿ ಬೇಲಿ ಪಾಲಾಗಿತ್ತು. ಗುರುವಾರ ತುಂತುರು, ಮಂಜು, ಜೊತೆಗೆ ಗಾಳಿ. ಶುಕ್ರವಾರ ಗಾಳಿ ಇಲ್ಲ, ಮೋಡವಿಲ್ಲ, ಹಲ್ಲು ಕಟಕಟ ಅನ್ನುವ ಚಳಿ.

ಮುಂದಿನ ವಾರ ಅವಳು ದೀಪದ ಪಕ್ಕದಲ್ಲಿ ಹೊರಗೆ ಕಂಡದ್ದನ್ನೂ ಬರೆದಳು. ಕಳವಾರದಲ್ಲಿ ಬೆಳಗಾದರೆ ಮನೆಮನೆಯಲ್ಲೂ ಸ್ನಾನದ ಹಂಡೆಗೆ ಉರಿ ಹಾಕುತ್ತಾರೆ. ಗಾಳಿಯಿದ್ದ ದಿನ ಆ ಹೊಗೆ ಚದುರಿ ಹೋಗುತ್ತಿತ್ತು. ಒಂದೇ ದೀಪ ಉರಿಯುವ ದಿನ ಮಾತ್ರ ಹೊಗೆ ತೆಂಗಿನ ಮರದ ಎತ್ತರಕ್ಕೆ ಹೋಗಿ, ಅಲ್ಲಿಗೆ ಸುಸ್ತಾದಂತೆ ಅಡ್ಡಡ್ಡ ಮಲಗಿಬಿಡುತ್ತಿತ್ತು. ಬಿಸಿಲೇರಿ ಆ ಹೊಗೆ ಎದ್ದುಹೋಗುವ ಹೊತ್ತಿಗೆ ದೀಪ ನಾಲ್ಕಾಗುತ್ತಿತ್ತು. ಅಷ್ಟರಲ್ಲಿ ಮಿಸ್ ತಮ್ಮ ಶಾಲೆಯ ಬಸ್ಸಿನಲ್ಲಿರುತ್ತಿದ್ದರು.

ಇದರ ತಲೆಬುಡ ಅವಳಿಗೆ ತಿಳಿಯಲಿಲ್ಲ. ಜನವರಿ ಮಾತ್ರ ಮುಗಿಯುತ್ತಾ ಬಂದಿತ್ತು.

ಒಂದು ಸಂಜೆ ಅಜ್ಜಿ ಹುಳು ಮನೆಯಿಂದ ಕೂಗಿದರು. ಹೊಸ ಬೆಳೆಯ ಪುಟ್ಟ ಹುಳುಗಳಿಗೆ ಚಳಿ ಆಗದಿರಲೆಂದು ಒಳಗೆ ಇದ್ದಿಲ ಒಲೆ ಇಟ್ಟಿದ್ದರು.

"ತನುಜಮ್ಮ, ಥರ್ಮಾಮೀಟರ್ ನೋಡಮ್ಮ ಸ್ವಲ್ಪ. ನಂಗೆ ಈ ಬೆಳಕಲ್ಲಿ ಗೆರೆ ಕಾಣಲ್ಲ."

ತನುಜ ಮೇಲಿನ ತಟ್ಟೆಯ ಹತ್ತಿರ ಹಿಡಿದಳು. "ಇಪ್ಪತ್ತೇಳು ಅಜ್ಜಿ."

"ಕೆಳಗೆ?"

"ಇಪ್ಪತ್ಮೂರು."

"ನೋಡಿದ್ಯಾ. ಬೆಚ್ಚನೆ ಗಾಳಿ ಮೇಲೆ ಹೋಗಿ ಕೂತ್ಕೊಂತು, ತಣ್ಣಂದು ಕೆಳಗೆ ಬಿದ್ಕೊಂತು. ಬಾಗಿಲು ಮುಚ್ಚಿದ್ದೀವಲ್ಲ, ಎರಡೂ ಬೆರೆಯಲ್ಲ. ಅದಕ್ಕೇ ನಾನು ತಟ್ಟೆಗಳನ್ನ ಮೇಲಿಂದ ಕೆಳಕ್ಕೆ ಬದಲಾಯಿಸ್ತಾ ಇರೋದು. ಹೂಂ, ಹಿಡ್ಕೋ ಈ ಕಡೆ."

ತನುಜ ತಟ್ಟೆ ಹಿಡಿದಳು. ಹುಳುಗಳು ಸೊಪ್ಪು ತಿನ್ನುವ ಸಣ್ಣ ಸದ್ದು ಕೇಳುತ್ತಿತ್ತು. ಅಜ್ಜಿ ಇನ್ನೇನೋ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ತನುಜಳಿಗೆ ಅಳು ಬಂದುಬಿಟ್ಟಿತು.

"ಏಮ್ಮಾ, ಏನಾಯ್ತು? ಕೈ ಸುಡ್ತಾ?"

"ಅಜ್ಜಿ, ಡಿಶ್ ಕೆಡಿಸಿದ್ದು ನಾನು."

ಒಂದು ಸಲ ಬಾಯಿ ಬಿಟ್ಟ ಮೇಲೆ ಎಲ್ಲವೂ ಹೊರಗೆ ಬಂತು. ಅಂಗಳದ ಬಿಸಿಲು, ಕಂಬಕ್ಕೆ ಒರಗಿಸಿದ್ದು, ಧಡ್ಡೆಂದ ಸದ್ದು, ಬಾಗಿಲ ಹಿಂದೆ ನಿಂತದ್ದು. ಅಜ್ಜಿ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟರು. ಸೆರಗಿನಿಂದ ಮೊಮ್ಮಗಳ ಮೂಗು ಒರೆಸಿದರು.

"ಹೇಳಿದ ಮಾತು ಕೇಳ್ದೆ ಮಾಡಿದ್ದಕ್ಕೆ ನಾಳೆ ಬೈತೀನಿ, ಇವತ್ತಲ್ಲ," ಎಂದರು. "ಒಂದು ತಿಂಗಳಿಂದ ಹೊಟ್ಟೇಲಿಟ್ಕೊಂಡು ಓಡಾಡಿದ್ದೀಯಲ್ಲೇ, ಊಟ ಹೆಂಗೆ ಸೇರ್ತಿತ್ತು ನಿಂಗೆ? ಹೋಗು, ಅಮ್ಮನ ಫೋನ್ ತಾ. ಆ ಭಾನುಪ್ರಕಾಶಂಗೆ ನೀನೇ ಹೇಳು."

ಭಾನುಪ್ರಕಾಶ್ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ.

"ಸರಿ, ನಾಳೆ ಬೆಳಗ್ಗೆ ಆರೂವರೆಗೇ ಬರ್ತೀನಿ," ಎಂದ. "ನೀನೂ ಇರಮ್ಮ."

ಮಾರನೆಯ ದಿನ ಮಂಕಿ ಕ್ಯಾಪ್ ಹಾಕಿಕೊಂಡು, ಮೂಗು ಕೆಂಪು ಮಾಡಿಕೊಂಡು ಅವನು ಬಂದ. ಡಬ್ಬಿ ನೋಡಿದ. ಒಂದೇ ದೀಪ.

"ಅಯ್ಯೋ, ನಿಜವಾಗ್ಲೂ ಒಂದೇ," ಎಂದು ಗೊಣಗಿದ. ಅವನು ಅದನ್ನು ಕಣ್ಣಲ್ಲಿ ಕಂಡದ್ದು ಅದೇ ಮೊದಲು.

ಇಬ್ಬರೂ ತಾರಸಿ ಹತ್ತಿದರು. ಅವನು ಡಿಶ್ಶಿನ ಹಿಂದೆ ಬಗ್ಗಿ ಟಾರ್ಚ್ ಬಿಟ್ಟ. ಕಂಬದ ಮೇಲಿಂದ, ಡಿಶ್ಶನ್ನು ಬಿಗಿದಿದ್ದ ಪಟ್ಟಿಯ ಮೇಲಕ್ಕೆ ಮಾರ್ಕರಿನಲ್ಲಿ ಎಳೆದ ಒಂದು ಕಪ್ಪು ಗೆರೆ ಇತ್ತು.

"ಕೂರಿಸಿದ ದಿನ ನಾನೇ ಎಳೆದಿದ್ದು ಇದು. ಡಿಶ್ ಒಂದು ನೂಲಿನಷ್ಟು ತಿರುಗಿದ್ರೂ ಗೆರೆ ಎರಡು ತುಂಡಾಗ್ಬೇಕು. ನೋಡು, ಹಾಗೇ ಇದೆ. ಮತ್ತೆ ಡಿಶ್ ತಿರುಗಿದ್ರೆ ದಿನವಿಡೀ ಸಿಗ್ನಲ್ ಇರ್ಬಾರ್ದು, ಮಧ್ಯಾಹ್ನ ಮಾತ್ರ ಸರಿಹೋಗೋಕೆ ಅದಕ್ಕೇನು ನಿದ್ದೆ ಮಂಪರಾ? ನಿನ್ನ ಚಂದ್ರಿಕೆ ಇದನ್ನ ಏನೂ ಮಾಡಿಲ್ಲಮ್ಮ."

ತನುಜಳ ಎದೆಯ ಮೇಲಿಂದ ಒಂದು ಹೊರೆ ಇಳಿಯಿತು. ಎಷ್ಟು ಹಗುರವಾಯಿತೆಂದರೆ ಅವಳಿಗೆ ನಗು ಬಂತು. ಆದರೆ ಆ ನಗು ತುಟಿಯವರೆಗೆ ಬಂದು ನಿಂತಿತು. ತಪ್ಪು ತನ್ನದಲ್ಲದಿದ್ದರೂ ಕ್ಲಾಸು ಕೆಂಚಾರ್ಲಹಳ್ಳಿಗೆ ಹೋಗಿಯೇ ಹೋಗುತ್ತದಲ್ಲ.

"ಮತ್ತೆ ಯಾಕಣ್ಣ ಹೀಗೆ?"

"ಮಂಜು ಇರ್ಬೇಕು."

"ಮಂಜಲ್ಲ ಅಣ್ಣ." ತನುಜ ಸ್ವೆಟರಿನೊಳಗಿಂದ ನೋಟ್‌ಬುಕ್ ತೆಗೆದಳು. "ಈ ಗುರುವಾರ ಮಂಜಿತ್ತು, ಗಾಳೀನೂ ಇತ್ತು. ನಾಲ್ಕು ದೀಪ. ಗಾಳಿ ಇಲ್ದೆ ಹೊಗೆ ಮಲಗಿರೋ ದಿನಾನೇ ಒಂದಾಗೋದು. ಅಲ್ಲಿ ನೋಡಿ."

ಭಾನುಪ್ರಕಾಶ್ ನೋಡಿದ. ಹೊಗೆ ತೆಂಗಿನ ಗರಿಗಳ ಎತ್ತರದಲ್ಲಿ ಊರಗಲ ಹಾಸಿಕೊಂಡಿತ್ತು. ಅವನು ಹಾಳೆ ತಿರುಗಿಸಿ, ಮತ್ತೆ ಹೊಗೆ ನೋಡಿ, ತಲೆ ಕೆರೆದುಕೊಂಡು ತನ್ನ ದೊಡ್ಡ ಸಾಹೇಬರಿಗೆ ಫೋನ್ ಮಾಡಿದ. ತನುಜಳಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಯಾರು ಬರೆದಿದ್ದು ಇದನ್ನ?" ಸಾಹೇಬರ ದನಿ ನಿದ್ದೆಯಿಂದ ಎದ್ದು ಕೂತಿತು. "ಹಾಗಾದ್ರೆ ಅಲ್ಲಿ ಬೆಳಗ್ಗೆ ತಣ್ಣನೆ ಗಾಳಿ ನೆಲದ ಹತ್ತಿರ, ಬೆಚ್ಚನೆ ಗಾಳಿ ಅದರ ಮೇಲೆ ಕೂತಿರ್ಬೇಕು. ಕಲಸೋಕೆ ಬೀಸುಗಾಳಿ ಇಲ್ಲ. ಸಿಗ್ನಲ್ ಆ ಪದರದಲ್ಲಿ ಬಾಗುತ್ತೆ ಕಣಪ್ಪ. ಸ್ವಲ್ಪ ನೇರವಾಗಿ ಬರುತ್ತೆ, ಸ್ವಲ್ಪ ಬಾಗಿ ಸುತ್ತಿಕೊಂಡು ತಡವಾಗಿ ಬರುತ್ತೆ. ಎರಡೂ ಡಿಶ್ ಹತ್ತಿರ ಬಂದು ಒಂದನ್ನೊಂದು ಅಳಿಸಿಬಿಡ್ತವೆ."

ತನುಜಳಿಗೆ ಮಗ್ಗಿ ನೆನಪಾಯಿತು. ಇಡೀ ಕ್ಲಾಸು ಮಗ್ಗಿ ಹೇಳುವಾಗ ಅರ್ಧ ಮಕ್ಕಳು ಒಂದು ಸಾಲು ಹಿಂದೆ ಬಿದ್ದರೆ ಏಳು ಯಾವುದು, ಹದಿನಾಲ್ಕು ಯಾವುದು, ಒಂದೂ ತಿಳಿಯುವುದಿಲ್ಲ. ಹಾಗೆ ಇರಬೇಕು.

"ಕಂಬದಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ಡಿಶ್ ಹಾಕಿದ್ರೆ ಒಂದಕ್ಕೆ ಸಿಗ್ದೇ ಇದ್ದಾಗ ಇನ್ನೊಂದಕ್ಕೆ ಸಿಗುತ್ತೆ," ಎಂದರು ಸಾಹೇಬರು. "ಆದ್ರೆ ಹೊಗೆ ಮಲಗಿತ್ತು ಅಂದ್ರೆ ಆಫೀಸಲ್ಲಿ ಡಿಶ್ ಕೊಡಲ್ಲ. ಮೇಲೆ ಬೆಚ್ಚಗಿದೆ, ಕೆಳಗೆ ತಣ್ಣಗಿದೆ ಅಂತ ಅಳತೆ ಬೇಕು. ಇಪ್ಪತ್ತೊಂಬತ್ತಕ್ಕೆ ಟ್ರಸ್ಟ್‌ನವರ ಮೀಟಿಂಗು. ಅದಕ್ಕೆ ಮೊದಲು ತರ್ತೀರಾ?"

"ಅಷ್ಟು ಮೇಲೆ ಥರ್ಮಾಮೀಟರ್ ಹೆಂಗೆ ಹಿಡಿಯೋದು ಸಾರ್?" ಎಂದ ಭಾನುಪ್ರಕಾಶ್.

ತನುಜ ಕತ್ತೆತ್ತಿ ಸ್ಕಂದಗಿರಿಯನ್ನು ನೋಡಿದಳು.

ಬೆಂಗಳೂರಿನಿಂದ ಜನ ವಾರಾವಾರ ಬಂದು ಕತ್ತಲಲ್ಲೇ ಆ ಬೆಟ್ಟ ಹತ್ತುತ್ತಾರೆ. ಬುಡದಲ್ಲೇ ಹುಟ್ಟಿ ಬೆಳೆದ ತನುಜ ಒಮ್ಮೆಯೂ ತುದಿ ಕಂಡಿರಲಿಲ್ಲ. ಪಕ್ಕದ ಬೀದಿಯ ವೇಣುಗೋಪಾಲ್ ಆ ಜನರಿಗೆ ಗೈಡು. ಊರಿನ ಮಕ್ಕಳಿಗೆಲ್ಲ ವೇಣು ಮಾಮ. ಅವನ ಮನೆಯಲ್ಲೂ ಹುಳು ಸಾಕುತ್ತಿದ್ದರಿಂದ ಇನ್ನೊಂದು ಥರ್ಮಾಮೀಟರೂ ಸಿಕ್ಕಿತು. ಎರಡನ್ನೂ ಒಂದು ಗಂಟೆ ಪಕ್ಕಪಕ್ಕ ತೂಗುಹಾಕಿ, ಒಂದೇ ತೋರಿಸುತ್ತವೆಂದು ಖಾತ್ರಿಯಾದ ಮೇಲೆಯೇ ಅಜ್ಜಿ ಬಿಟ್ಟುಕೊಟ್ಟರು. ಭಾನುವಾರ ತನುಜ ವೇಣು ಮಾಮನ ಜೊತೆ ಒಂದನ್ನು ಬೆಟ್ಟದ ತುದಿಗೆ ಒಯ್ಯುವುದು, ಇನ್ನೊಂದನ್ನು ಅಜ್ಜಿ ಭವನದ ಹತ್ತಿರ ತೂಗುಹಾಕುವುದು, ಏಳಕ್ಕೆ ಸರಿಯಾಗಿ ಎರಡನ್ನೂ ಓದುವುದು ಎಂದಾಯಿತು.

"ಮೇಲೆ ಇನ್ನೂ ಚಳಿ ಇರುತ್ತೆ ಕಣೇ," ಎಂದಳು ಸೌಜನ್ಯ, ಹಿಂದಿನ ದಿನ. "ಊಟಿ ಬೆಟ್ಟದ ಮೇಲಿರೋದಕ್ಕೇ ಅಲ್ವಾ ಅಲ್ಲಿ ಚಳಿ?"

ಆ ಮಾತು ತನುಜಳ ತಲೆಯಲ್ಲಿ ಹುಳು ಬಿಟ್ಟಿತು. ಭಾನುವಾರ ಬೆಳಗಿನ ಜಾವ, ವೇಣು ಮಾಮನ ಟಾರ್ಚಿನ ಬೆಳಕಿನಲ್ಲಿ ಬಂಡೆ ಬಂಡೆ ಹತ್ತುವಾಗಲೂ ಅವಳು ಅದನ್ನೇ ಯೋಚಿಸುತ್ತಿದ್ದಳು. ಮೇಲೆ ತಣ್ಣಗಿದ್ದರೆ? ಅಳತೆ ಇಲ್ಲ, ಡಿಶ್ ಇಲ್ಲ, ಕ್ಲಾಸೂ ಇಲ್ಲ. ಮೂಗು, ಕಿವಿ, ಬೆರಳು ಎಲ್ಲ ಮರಗಟ್ಟಿದ್ದವು.

"ರಾ ಪಾಪ, ಇನ್ನೇನು ಅರ್ಧ," ಎಂದು ತೆಲುಗು ಬೆರೆಸಿ ಕರೆಯುತ್ತಿದ್ದ ವೇಣು ಮಾಮ. ಅವನ 'ಅರ್ಧ' ಮುಗಿಯುವುದೇ ಇಲ್ಲ ಎಂದು ಹಿಂದೆ ಬರುತ್ತಿದ್ದ ಪ್ರವಾಸಿಗರೂ ಏದುಸಿರಿನಲ್ಲೇ ನಕ್ಕರು.

ಅರ್ಧಕ್ಕಿಂತ ಸ್ವಲ್ಪ ಮೇಲೆ ಒಂದು ತಿರುವು ಬಂತು. ಅಲ್ಲಿ ತನುಜ ನಿಂತುಬಿಟ್ಟಳು. ಕೆನ್ನೆಗೆ ಏನೋ ತಾಗಿತ್ತು. ಹುಳು ಮನೆಯ ಬಾಗಿಲು ತೆರೆದಾಗ ಮುಖಕ್ಕೆ ಬರುವಂಥ ಗಾಳಿ.

"ಮಾಮ, ಬೆಚ್ಚಗಿದೆ."

"ಇಲ್ಲಿ ಯಾವಾಗ್ಲೂ ಹಂಗೇ. ಎಲ್ರೂ ಇಲ್ಲೇ ಜಾಕೆಟ್ ಬಿಚ್ಚೋದು. ನಾನು ಹತ್ತಿದ್ದಕ್ಕೆ ಮೈ ಬಿಸಿಯಾಗುತ್ತೆ ಅಂದ್ಕೊಂಡಿದ್ದೆ."

ತುದಿಯಲ್ಲಿ ಹಳೆಯ ಕೋಟೆಯ ಗೋಡೆಯ ನೆರಳಿನಲ್ಲಿ, ಮೈಬಿಸಿ ತಾಗದ ಹಾಗೆ, ಅವಳು ಥರ್ಮಾಮೀಟರನ್ನು ಒಂದು ಕೊಂಬೆಗೆ ತೂಗುಹಾಕಿದಳು. ಮುಟ್ಟದೆ ಐದು ನಿಮಿಷ ಕಾದಳು. ಸರಿಯಾಗಿ ಏಳು ಗಂಟೆಗೆ ಗೆರೆ ಓದಿದಳು. ನಂಬಿಕೆ ಬರದೆ ವೇಣು ಮಾಮನ ಕೈಲೂ ಓದಿಸಿದಳು. ಅವನು ಅದರ ಫೋಟೋ ತೆಗೆದು ಭಾನುಪ್ರಕಾಶನಿಗೆ ಕಳಿಸಿದ. ತುದಿಯಲ್ಲಿ ಮೊಬೈಲಿಗೆ ಸಿಗ್ನಲ್ ಧಾರಾಳ.

ಫೋನ್ ಬಂತು. ಕೇಳಿದ್ದು ಅಜ್ಜಿಯ ದನಿ. "ಕೆಳಗೆ ಹನ್ನೊಂದು ಕಣಮ್ಮ. ಡಬ್ಬಿ ಮೇಲೆ ಒಂದೇ ದೀಪ. ನಿಂದು?"

"ಹದಿನಾರು ಅಜ್ಜಿ. ಐದು ಡಿಗ್ರಿ ಜಾಸ್ತಿ."

ಆ ಕಡೆ ಸಣ್ಣ ಗಲಾಟೆ. ಅಜ್ಜಿ, ಅಮ್ಮ, ಭಾನುಪ್ರಕಾಶ್ ಎಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ಕಾಲು ಗಂಟೆಯ ಮೇಲೆ ಮತ್ತೆ ಫೋನ್ ಬಂದಾಗ ಭಾನುಪ್ರಕಾಶನ ದನಿಯಲ್ಲಿ ನಗು ತುಂಬಿತ್ತು.

"ತನುಜಮ್ಮ, ನಿಂದು, ನಾನು ಇಲ್ಲಿ ತೆಗೆದಿದ್ದು, ಎರಡೂ ಫೋಟೋ ಸಾಹೇಬರು ನೋಡಿದ್ರು. ಬುಧವಾರದೊಳಗೆ ಇನ್ನೊಂದು ಡಿಶ್ ಬರುತ್ತೆ. ಟ್ರಸ್ಟ್‌ನವರಿಗೂ ಅವರೇ ಫೋನ್ ಮಾಡಿದ್ರಂತೆ. ಕ್ಲಾಸು ಎಲ್ಲೂ ಹೋಗಲ್ಲ."

ತನುಜ "ಹೂಂ" ಎಂದಳು. ಫೋನನ್ನು ವೇಣು ಮಾಮನಿಗೆ ಕೊಟ್ಟು ಬಂಡೆಯ ಅಂಚಿನಿಂದ ಸಾಕಷ್ಟು ಹಿಂದೆ ಕೂತಳು.

ಕೆಳಗೆ ಊರೇ ಇರಲಿಲ್ಲ. ಹೊಗೆಯೂ ಮಂಜೂ ಸೇರಿ ಬಿಳಿಯ ಮುಚ್ಚಳದಂತೆ ಎಲ್ಲವನ್ನೂ ಮುಚ್ಚಿದ್ದವು. ಮುಚ್ಚಳದ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಪ್ರವಾಸಿಗರು ಒಬ್ಬರ ಮೇಲೊಬ್ಬರು ಬಿದ್ದು ಸೆಲ್ಫಿ ತೆಗೆಯುತ್ತಿದ್ದರು.

"ಎಷ್ಟು ಚೆನ್ನಾಗಿದೆ ಅಲ್ವಾ ಪುಟ್ಟಿ?" ಎಂದಳು ಕೆಂಪು ಟೋಪಿಯ ಒಬ್ಬ ಅಕ್ಕ.

ತನುಜ ತಲೆಯಾಡಿಸಿದಳು. ಚೆನ್ನಾಗಿಯೇ ಇತ್ತು. ಮಿಸ್‌ನ ಅರ್ಧ ಮಾತು ತಿಂದದ್ದು ಇದೇ. ಒಂದು ತಿಂಗಳು ತನ್ನ ನಿದ್ದೆ ಕೆಡಿಸಿದ್ದೂ ಇದೇ. ಕೋಪ ಮಾಡಿಕೊಳ್ಳೋಣವೆಂದರೆ ಅದಕ್ಕೆ ಮುಖವಿರಲಿಲ್ಲ, ಬೇಕೆಂದು ಅದು ಏನನ್ನೂ ಮಾಡಿರಲಿಲ್ಲ. ಇಷ್ಟು ದಿನ ಇದರೊಳಗೇ ಕೂತು, ಇದನ್ನು ಕಾಣದೆ, ಎಲ್ಲವೂ ತನ್ನಿಂದಲೇ ಆಯಿತು ಎಂದು ಒಬ್ಬಳೇ ನಂಬಿಕೊಂಡಿದ್ದೆನಲ್ಲ ಎಂದು ಅವಳಿಗೆ ಪಾಪ ಅನ್ನಿಸಿತು, ತನ್ನ ಮೇಲೆಯೇ.

"ಇಳಿಯಣ ಬಾಮ್ಮ, ಎಲ್ರೂ ಹೊರಟ್ರು," ಎಂದ ವೇಣು ಮಾಮ.

"ಇನ್ನು ಹತ್ತು ನಿಮಿಷ ಮಾಮ. ಅದು ಹೋಗೋದನ್ನ ನೋಡ್ಬೇಕು."

ವೇಣು ಮಾಮ ಗಡಿಯಾರ ನೋಡಿ, ಪಕ್ಕದಲ್ಲಿ ಕೂತ. ಜೇಬಿನಿಂದ ಕಡಲೆಕಾಯಿ ತೆಗೆದು ಅರ್ಧ ಅವಳ ಕೈಗೆ ಸುರಿದ.

ಬಿಸಿಲು ಏರಿತು. ಸಣ್ಣ ಗಾಳಿ ಎದ್ದಿತು. ಮೊದಲು ಬಿಳಿಯಲ್ಲಿ ಒಂದು ತೂತು ಬಿತ್ತು. ಅದರೊಳಗೆ ಒಂದು ಹಿಪ್ಪುನೇರಳೆ ತೋಟ ಕಂಡಿತು, ಆಮೇಲೆ ಕೆರೆಯ ಏರಿ, ಆಮೇಲೆ ಒಂದೊಂದೇ ಮಾಡು. ಹೀಗೆ ತೆರೆಯುತ್ತಾ ತೆರೆಯುತ್ತಾ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಭವನ ಕಾಣಿಸಿಕೊಂಡಿತು. ಆ ಕಟ್ಟಡ ಕಂಡರೆ ಸಾಕು, ತಿಂಗಳಿಂದ ಅವಳ ಬೆರಳು ಬಾಯಿಗೆ ಹೋಗುತ್ತಿತ್ತು. ಈಗ ಹೋಗಲಿಲ್ಲ.

ಅವಳು ಕೈ ಚಾಚಿ ಬೆರಳು ತೋರಿಸಿದಳು.

"ಮಾಮ, ಅಲ್ಲಿ ನೋಡು. ಅದೇ ನಮ್ಮ ಕ್ಲಾಸು."